ಮಾವನವರ ಮುಖದ ಮೇಲೆ ಮಾವನವರ ಮುಖ

ಬೆಳಕು ನೇರ ರೇಖೆಯಲ್ಲಿ ಹೋಗುತ್ತದೆ ಎಂಬುದನ್ನು ನಾನು ಪ್ರಾಥಮಿಕ ಶಾಲೆಯಲ್ಲೇ ಕಲಿತಿದ್ದೆ. ಹುಮನಾಬಾದಿನಲ್ಲಿ ಫೋಟೋ ಸ್ಟುಡಿಯೋ ಇಟ್ಟ ಮೇಲೆ ಈ ವಿಷಯದಲ್ಲಿ ಅನುಭವವೂ ಬಂದಿತ್ತು. ಬೆಳಕನ್ನು ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು, ಮದುಮಗನ ಬಕ್ಕತಲೆಯ ಮೇಲೆ ಅದು ಬೀಳದ ಹಾಗೆ ಹೇಗೆ ನೋಡಿಕೊಳ್ಳಬೇಕು, ಎಲ್ಲ ಗೊತ್ತಿತ್ತು. ಇಷ್ಟು ಗೊತ್ತಿರುವ ಮನುಷ್ಯ ಒಂದು ಪ್ರೊಜೆಕ್ಟರಿನ ಬೆಳಕನ್ನು ಒಂದು ಗೊಂಬೆಯ ಮೂಗಿನ ಮೇಲೆ ಬೀಳಿಸಲಾರನೇ ಎಂಬ ಪ್ರಶ್ನೆ ಎದುರಾದಾಗ, ಬೀಳಿಸಬಲ್ಲೆ ಎಂದು ಕೂಡಲೇ ಉತ್ತರ ಕೊಟ್ಟೆ. ಪ್ರಶ್ನೆ ಕೇಳಿದವನೂ ನಾನೇ ಆಗಿದ್ದರಿಂದ ತಡೆಯುವವರು ಯಾರೂ ಇರಲಿಲ್ಲ.

ಸಂದರ್ಭ, ನನ್ನ ಮಾವನವರ ಎಪ್ಪತ್ತೈದನೆಯ ಹುಟ್ಟುಹಬ್ಬ. ಮಾವ ಗುರುಪಾದಪ್ಪನವರು ಬಸವಕಲ್ಯಾಣದ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ತೊಗರಿ, ಉದ್ದಿನ ಅಡತಿ ಅಂಗಡಿ ಇಟ್ಟು ದಲಾಲಿ ನಡೆಸಿದವರು. ಮಾತು ಕಡಿಮೆ. ನಕ್ಕರೋ ಇಲ್ಲವೋ ಎಂಬುದನ್ನು ಮೀಸೆಯ ತುದಿ ನೋಡಿ ತಿಳಿದುಕೊಳ್ಳಬೇಕು. ಆ ವರ್ಷ ಬೇಸಿಗೆಯಲ್ಲಿ ಅವರಿಗೆ ಎದೆನೋವು ಬಂದು ಹೈದರಾಬಾದಿನ ದವಾಖಾನೆ ಸೇರಿದ್ದರು. ಸುದ್ದಿ ಹಳ್ಳಿಗಳ ಕಡೆ ಹೋಗುವಾಗ ದಾರಿಯಲ್ಲಿ ಬೆಳೆಯಿತು. ದುಬಲಗುಂಡಿಯ ಸಂಬಂಧಿಕರಲ್ಲಿ ಕೆಲವರು ಪಂಚೆ ಒಗೆದು ಒಣಹಾಕಿ ಮಣ್ಣಿಗೆ ಹೊರಡಲು ತಯಾರಾಗಿಯೇ ಇದ್ದರಂತೆ. ಮಾವ ಗುಣವಾಗಿ ಮನೆಗೆ ಬಂದರು. ಆದರೆ ಅತ್ತೆಗೆ ಅಂಜಿಕೆ ಹೋಗಲಿಲ್ಲ. ಮಾವ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಿದರೂ ಅವರ ಮೂಗಿನ ಕೆಳಗೆ ಕೈ ಹಿಡಿದು ಉಸಿರು ನೋಡುತ್ತಿದ್ದರು.

ಹೀಗಾಗಿ ನನ್ನ ಹೆಂಡತಿ ಮಹಾನಂದಾಳ ತಮ್ಮ ರೇವಣಸಿದ್ಧ ಒಂದು ನಿರ್ಧಾರಕ್ಕೆ ಬಂದ. ಫಂಕ್ಷನ್ ಹಾಲ್ ಹಿಡಿಯುವುದು, ಬಂಧುಬಳಗಕ್ಕೆಲ್ಲ ಹೋಳಿಗೆ ಊಟ ಹಾಕಿಸುವುದು, ಅಪ್ಪ ಗಟ್ಟಿಮುಟ್ಟಾಗಿ ಬದುಕಿದ್ದಾನೆ ಎಂಬುದನ್ನು ಎಲ್ಲರಿಗೂ ಕಣ್ಣಾರೆ ತೋರಿಸುವುದು. ಸಮಾರಂಭದ ಉದ್ದೇಶ ಇಷ್ಟೇ. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕೆಂದು ವಿನಂತಿ. ನಾನು ಮರೆತೆ.

"ಭಾವಾರ, ಫೋಟೋ ವಿಡಿಯೋ ಎಲ್ಲಾ ನಿಮ್ಮ ಕಡಿ," ಎಂದ ರೇವಣಸಿದ್ಧ.

ಬೇರೆ ಯಾರೇ ಆಗಿದ್ದರೂ ಬಿಳಿ ಪರದೆ ಕಟ್ಟಿ, ಮಾವನವರ ಹಳೆಯ ಫೋಟೋಗಳನ್ನು ಒಂದಾದ ಮೇಲೊಂದು ತೋರಿಸಿ, ಹೋಳಿಗೆ ತಿಂದು ಬರುತ್ತಿದ್ದರು. ಆದರೆ ನಾನು ಆಗಷ್ಟೇ ಹೈದರಾಬಾದಿನ ಒಂದು ವಸ್ತುಪ್ರದರ್ಶನದಲ್ಲಿ ಒಂದು ಬಿಳಿ ಹೂದಾನಿಯನ್ನು ನೋಡಿ ಬಂದಿದ್ದೆ. ಎದುರಿನ ಪ್ರೊಜೆಕ್ಟರಿನಿಂದ ಬೆಳಕು ಬಿದ್ದರೆ ಹೂದಾನಿಯ ಮೇಲೆ ಬಳ್ಳಿ ಹಬ್ಬುತ್ತಿತ್ತು, ಹೂವು ಬಿಡುತ್ತಿತ್ತು, ಆಮೇಲೆ ಪೂರ್ತಿ ಹಿತ್ತಾಳೆಯದಾಗುತ್ತಿತ್ತು. ಬೆಳಕು ಹೂದಾನಿಯ ಅಂಚಿನಿಂದ ಒಂದು ಕೂದಲಿನಷ್ಟೂ ಆಚೆ ಹೋಗುತ್ತಿರಲಿಲ್ಲ. ಅದರ ಮುಂದೆ ನಿಂತು ನನಗೆ ಹೊಳೆದದ್ದು ಒಂದೇ ವಿಚಾರ. ಹೂದಾನಿಗೆ ಆಗುವುದು ಮಾವನಿಗೆ ಯಾಕೆ ಆಗಬಾರದು?

ಮನೆಗೆ ಬಂದು ಮಹಾನಂದಾಳಿಗೆ ವಿವರಿಸಿದೆ. "ಮಾವಾರ್ದು ಒಂದು ಬಿಳಿ ಗೊಂಬಿ ಮಾಡಸ್ತೀನಿ, ತಲಿಯಿಂದ ಎದಿ ತನಕ. ಅದರ ಮುಖದ ಮ್ಯಾಲ ಅವರ ಹಳೇ ಫೋಟೋ ಬಿಡ್ತೀನಿ. ಮೊದಲು ಮದಿವಿ ಟೈಮಿನ ಮಾವ, ಆಮ್ಯಾಲ ಅಂಗಡಿ ಹಾಕಿದ ಮಾವ, ಆಮ್ಯಾಲ ಈಗಿನ ಮಾವ. ಮಂದಿ ಕಣ್ಣ ಮುಂದೇ ಗೊಂಬಿಗಿ ವಯಸ್ಸಾಗತದ."

ಅವಳು ಹಿಟ್ಟು ನಾದುತ್ತಿದ್ದಳು. "ಅಪ್ಪ ತಾನೇ ಬಂದು ಕುಂದ್ರತಾನಲ್ರಿ, ಮತ್ತ ಗೊಂಬಿ ಯಾಕ?"

ಇದನ್ನು ತಾಂತ್ರಿಕ ವಿಷಯದ ಅಜ್ಞಾನವೆಂದು ತಿಳಿದು ನಾನು ಅವಳನ್ನು ಕ್ಷಮಿಸಿದೆ.

ಗೊಂಬೆ ಮಾಡಲು ನಮ್ಮೂರಿನ ಮಾಣಿಕನನ್ನು ಹಿಡಿದೆ. ಮಾಣಿಕ ಚೌತಿಗೆ ಗಣಪತಿ ಮಾಡುವವನು. ವರ್ಷವಿಡೀ ಗಣಪತಿಯನ್ನೇ ಮಾಡಿದ ಕೈ ಅದು. ಮಾವನವರ ಫೋಟೋ ಕೊಟ್ಟು, ಪ್ಲಾಸ್ಟರಿನಲ್ಲಿ ಹೀಗೇ ಬರಬೇಕು ಎಂದೆ. ಗೊಂಬೆ ಬಂದಾಗ ನೋಡಿದರೆ, ಜೀವಮಾನದಲ್ಲಿ ಎಂದೂ ಕೆನ್ನೆ ಉಬ್ಬದ ಮಾವನವರಿಗೆ ಕೆನ್ನೆ ಬಂದಿದ್ದವು. ಕಿವಿಗಳು ಎರಡೂ ಬದಿಗೆ ಧಾರಾಳವಾಗಿ ಹರಡಿದ್ದವು.

"ಕಿವಿ ಜರಾ ದೊಡ್ಡವು ಆಗ್ಯಾವಲ್ಲೋ ಮಾಣಿಕ," ಎಂದೆ.

"ಅದು ಕೈ ರೂಢಿ ಅದರಿ," ಎಂದ ಮಾಣಿಕ. "ಮೂಗು ಗಿಡ್ಡ ಮಾಡೋದ್ರಾಗೇ ನನಗ ಸಾಕಾಗ್ಯದ."

ಇರಲಿ, ಕೆನ್ನೆ ಕಿವಿಗಳನ್ನು ಬೆಳಕಿನಲ್ಲಿ ಸರಿಪಡಿಸಿಕೊಳ್ಳುತ್ತೇನೆ ಎಂದುಕೊಂಡು ಗೊಂಬೆಯನ್ನು ಸ್ಟುಡಿಯೋದ ಹಿಂದಿನ ಕೋಣೆಯಲ್ಲಿಟ್ಟೆ. ಗುಲ್ಬರ್ಗಾದಿಂದ ಪ್ರೊಜೆಕ್ಟರ್ ತರಿಸಿ ಸ್ಟೂಲಿನ ಮೇಲೆ ಕೂರಿಸಿದೆ. ಕ್ಯಾಮೆರಾ ಹಿಡಿದು ಗೊಂಬೆಯ ಎದುರು ನಿಂತು ಒಂದು ಫೋಟೋ ತೆಗೆದೆ. ಅದನ್ನು ಕಂಪ್ಯೂಟರಿಗೆ ಹಾಕಿ, ಗೊಂಬೆಯ ಕಣ್ಣಿನ ಮೇಲೆ ಮಾವನವರ ಕಣ್ಣು, ಮೂಗಿನ ಮೇಲೆ ಮೂಗು, ಬಾಯಿಯ ಮೇಲೆ ಬಾಯಿ ಬರುವಂತೆ ಹಳೆಯ ಫೋಟೋವನ್ನು ಎಳೆದು ಜಗ್ಗಿ ಕೂರಿಸಿದೆ. ಕಂಪ್ಯೂಟರಿನಲ್ಲಿ ಅದ್ಭುತವಾಗಿ ಕಂಡಿತು. ಮಹಾನಂದಾಳನ್ನು ಕರೆದು, ಕರಿ ಪರದೆ ಎಳೆದು, ಪ್ರೊಜೆಕ್ಟರ್ ಹಚ್ಚಿದೆ.

ಕಣ್ಣು ಕಣ್ಣಿನ ಮೇಲೆ ಕೂತವು. ಮೂಗು ತುಟಿಗೆ ಇಳಿಯಿತು. ಮೀಸೆ ಗದ್ದದ ಮೇಲೆ ಬಂತು. ಕಿವಿಗಳು ಹಿಂದಿನ ಗೋಡೆಯ ಮೇಲೆ ಬೇರೆಯಾಗಿ ಬಿದ್ದಿದ್ದವು.

ಮಹಾನಂದಾ ಬಹಳ ಹೊತ್ತು ನೋಡಿದಳು. "ಇವ ನಮ್ಮಪ್ಪ ಅಲ್ರಿ. ಕೊಡಂಬಲದ ನಮ್ಮ ಕಾಕಾನ ಹಂಗ ಕಾಣಸ್ತಾನ."

ಮೀಸೆಯನ್ನು ಮೇಲೇರಿಸಿದೆ. ಅದರ ಜೊತೆ ಕಣ್ಣುಗಳೂ ಏರಿ ಹಣೆಗೆ ಹೋದವು. ಕಿವಿಗಾಗಿ ಚಿತ್ರವನ್ನು ಅಗಲ ಮಾಡಿದೆ. ಕಣ್ಣುಗಳು ಒಂದನ್ನೊಂದು ಬಿಟ್ಟು ಕಿವಿಯ ಕಡೆ ಹೊರಟವು. ಚಿತ್ರವನ್ನು ಚಿಕ್ಕದು ಮಾಡಿದೆ. ಮಾಣಿಕ ಕೊಟ್ಟ ಕೆನ್ನೆಗಳ ನಡುವೆ ಮಾವ ಕೂಸಿನ ಹಾಗೆ ಕಂಡರು. ಒಂದನ್ನು ರಿಪೇರಿ ಮಾಡಿದರೆ ಎರಡು ಕೆಡುತ್ತಿದ್ದವು. ಇದು ಒಂದೆರಡು ದಿನದ ಮಾತಲ್ಲ. ಗಿರಾಕಿಗಳು ಪಾಸ್‌ಪೋರ್ಟ್ ಫೋಟೋಕ್ಕೆ ಬಂದು, ಒಳಗಿನಿಂದ ಬರುವ ನನ್ನ ನಿಟ್ಟುಸಿರು ಕೇಳಿ, ಬೇರೆ ಸ್ಟುಡಿಯೋಕ್ಕೆ ಹೋಗತೊಡಗಿದರು.

ಕಡೆಗೆ ಕಾರಣ ಸಿಕ್ಕಿತು. ಗೋಡೆ ಚಪ್ಪಟೆ, ಅದರ ಮೇಲೆ ಚಿತ್ರ ಹೇಗೆ ಬಿಟ್ಟರೂ ನಡೆಯುತ್ತದೆ. ಮುಖ ಚಪ್ಪಟೆಯಲ್ಲ. ಮೂಗು ಮುಂದೆ ಬಂದು ಬೆಳಕನ್ನು ಮೊದಲೇ ಹಿಡಿಯುತ್ತದೆ, ಕಿವಿ ಹಿಂದೆ ಕೂತು ತಡವಾಗಿ ಹಿಡಿಯುತ್ತದೆ. ಪ್ರೊಜೆಕ್ಟರ್ ಇದ್ದದ್ದು ಗಿಡ್ಡ ಸ್ಟೂಲಿನ ಮೇಲೆ. ನಾನು ಫೋಟೋ ತೆಗೆದದ್ದು ನಿಂತು. ಅಂದರೆ ನಾನು ಮೇಲಿನಿಂದ ನೋಡಿದ ಮುಖವನ್ನು ಪ್ರೊಜೆಕ್ಟರ್ ಕೆಳಗಿನಿಂದ ಎಸೆಯುತ್ತಿತ್ತು. ಪ್ರೊಜೆಕ್ಟರಿನ ಕಣ್ಣು ಎಲ್ಲಿದೆಯೋ ಕ್ಯಾಮೆರಾದ ಕಣ್ಣೂ ಅಲ್ಲೇ ಇರಬೇಕು. ಫೋಟೋಗ್ರಾಫರನಾಗಿ ಇಷ್ಟು ವರ್ಷ ಹೊಟ್ಟೆ ಹೊರೆದವನಿಗೆ ಇದು ಹೊಳೆದದ್ದು ಪ್ರೊಜೆಕ್ಟರಿನ ಹಿಂದೆ ಬಿದ್ದ ಪೆನ್ನು ಎತ್ತಲು ಬಗ್ಗಿದಾಗ.

ಸ್ಟೂಲಿನ ಮೇಲಿಂದಲೇ ಹೊಸ ಫೋಟೋ ತೆಗೆದೆ. ಕಣ್ಣಿನ ಮೂಲೆ, ಮೂಗಿನ ತುದಿ, ತುಟಿಯ ಕೊನೆ, ಗದ್ದ, ಕಿವಿಯ ಹಾಲೆ, ಒಂದೊಂದಕ್ಕೂ ಚುಕ್ಕೆಯಿಟ್ಟು ಹಳೆಯ ಮುಖವನ್ನು ಹೊಸದಾಗಿ ಕೂರಿಸಿದೆ. ಪರದೆ ಎಳೆದು ಪ್ರೊಜೆಕ್ಟರ್ ಹಚ್ಚಿದೆ.

ಮದುವೆಯ ಕಾಲದ ಮಾವ ಕೋಣೆಯಲ್ಲಿ ಕೂತಿದ್ದರು. ಮಾಣಿಕನ ಕೆನ್ನೆಗಳೂ ಆ ವಯಸ್ಸಿಗೆ ಒಪ್ಪಿದ್ದವು. ಮಹಾನಂದಾ ಈ ಸಲ ಕಾಕಾನ ಸುದ್ದಿ ತೆಗೆಯಲಿಲ್ಲ. ಹತ್ತಿರ ಹೋಗಿ "ಅಪ್ಪಾ" ಎಂದಳು, ಸಣ್ಣ ದನಿಯಲ್ಲಿ. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನ್ನ ಜೀವನದ ದೊಡ್ಡ ಗಳಿಗೆ ಅದು. ಇನ್ನು ಗೊಂಬೆಯಾಗಲಿ ಸ್ಟೂಲಾಗಲಿ ಒಂದು ಬೆರಳೂ ಅಲುಗಬಾರದೆಂದು ಎರಡರ ಸುತ್ತ ಸುಣ್ಣದಿಂದ ಗೆರೆ ಎಳೆದೆ. ಕೋಣೆಗೆ ಬೀಗ ಹಾಕಿದೆ. ಬೀಗದ ಕೈ ಜೇಬಿಗಿಟ್ಟ ಮೇಲೆ ನೆನಪಾಯಿತು, ಸಮಾರಂಭ ಬಸವಕಲ್ಯಾಣದಲ್ಲಿತ್ತು.

ಆದ್ದರಿಂದ ಅಳತೆಗಳನ್ನು ಸಾಗಿಸುವ ಕೆಲಸ ಬಂತು. ಪ್ರೊಜೆಕ್ಟರಿನ ಕಣ್ಣಿನಿಂದ ಗೊಂಬೆಯ ಮೂಗಿನ ತುದಿಗೆ ಒಂದು ದಾರ ಹಿಡಿದು ಗಂಟು ಹಾಕಿಕೊಂಡೆ. ಎತ್ತರ ಬದಲಾಗಬಾರದೆಂದು ಸ್ಟೂಲನ್ನೂ, ಗೊಂಬೆ ಕೂತಿದ್ದ ಟೇಬಲನ್ನೂ ಬಸ್ಸಿನ ಮೇಲೆ ಹಾಕಿಸಿದೆ. ಗೊಂಬೆಯನ್ನು ಮಾತ್ರ ಮೇಲೆ ಹಾಕಲು ಮನಸ್ಸಾಗಲಿಲ್ಲ. ಬಿಳಿ ಬೆಡ್‌ಶೀಟಿನಲ್ಲಿ ಸುತ್ತಿ ನನ್ನ ಮತ್ತು ಮಹಾನಂದಾಳ ನಡುವೆ ಕೂರಿಸಿಕೊಂಡೆವು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಆ ಆಕಾರವನ್ನು ನೋಡಿ, "ಯಾರವ್ವಾ ಇದು?" ಎಂದು ಕೇಳಿದಳು.

"ನಮ್ಮಪ್ಪ," ಎಂದಳು ಮಹಾನಂದಾ.

ಮುದುಕಿ ಮಹಾನಂದಾಳ ಬೆನ್ನ ಮೇಲೆ ಕೈಯಾಡಿಸಿ, ಕಲ್ಯಾಣ ಬರುವವರೆಗೂ ಹಾಗೇ ಇಟ್ಟುಕೊಂಡಿದ್ದಳು. ಬಹಳ ಅಂತಃಕರಣದ ಹೆಣ್ಣುಮಗಳು ಎಂದುಕೊಂಡೆ.

ಸಮಾರಂಭ ಹಗಲು ಹೊತ್ತಿನದು. ಹಾಲಿನ ಕಿಟಕಿಗಳು ದೊಡ್ಡವು. ಹಿಂದಿನ ದಿನವೇ ಹೋಗಿ, ಸ್ಟುಡಿಯೋದ ಕರಿ ಬಟ್ಟೆಗಳನ್ನೆಲ್ಲ ಕಿಟಕಿಗಳಿಗೆ ಹೊಡೆದು ಹಾಲನ್ನು ಕತ್ತಲು ಮಾಡಿದೆ. ದಾರ ಹಿಡಿದು ದೂರ ಅಳೆದೆ. ಗೊಂಬೆ ಕೂತಿತು, ಸ್ಟೂಲು ಕೂತಿತು, ಮುಖ ಮುಖದ ಮೇಲೆ ಕೂತಿತು. ಸುಣ್ಣದ ಗೆರೆ ಹೊಸದಾಗಿ ಎಳೆದೆ. ಯಾರೂ ಮುಟ್ಟಬಾರದು ಎಂದು ಅಡುಗೆಯವರಿಂದ ಹಿಡಿದು ಕಸ ಹೊಡೆಯುವವರವರೆಗೆ ಎಲ್ಲರಿಗೂ ಹೇಳಿದೆ. ಬೆಳಿಗ್ಗೆ ಬಂದು ಇನ್ನೊಮ್ಮೆ ನೋಡಿದೆ. ಬರೋಬ್ಬರಿ ಇತ್ತು. ನಿಶ್ಚಿಂತೆಯಿಂದ ಸ್ನಾನಕ್ಕೆಂದು ಅತ್ತೆಯ ಮನೆಗೆ ಹೋದೆ. ಅಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ಮಾಡಿದ್ದರು. ಭಜಿ ಬಿಸಿಯಾಗಿದ್ದವು. ಆದ್ದರಿಂದ ತಡವಾಯಿತು.

ನಾನು ಎಲ್ಲರಿಗೂ ಹೇಳಿದ್ದೆ, ಗಂಗಾಯಿಗೆ ಹೇಳಿರಲಿಲ್ಲ. ಗಂಗಾಯಿ ಮಾವನವರ ಅಕ್ಕ, ಎಂಬತ್ತು ದಾಟಿದವರು. ತಮ್ಮನ ಹಬ್ಬವೆಂದು ಬೇಗನೆ ಹಾಲಿಗೆ ಬಂದರು. ನೋಡಿದರೆ ತಮ್ಮನ ಗೊಂಬೆ ಬರಿತಲೆಯಲ್ಲಿ, ತೆಂಕಣ ದಿಕ್ಕಿಗೆ ಮುಖ ಮಾಡಿ ಕೂತಿದೆ. ಅವರಿಗೆ ಸಹಿಸಲಾಗಲಿಲ್ಲ. ಆಳುಗಳನ್ನು ಕರೆದು ಗೊಂಬೆಯನ್ನು ಪೂರ್ವಕ್ಕೆ ತಿರುಗಿಸಿದರು. ತಲೆಗೆ ರುಮಾಲು ಸುತ್ತಿದರು. ಹಣೆಗೆ ವಿಭೂತಿ ಹಚ್ಚಿದರು. ಸತ್ಕಾರಕ್ಕೆಂದು ತಂದಿದ್ದ ದೊಡ್ಡ ಚೆಂಡುಹೂವಿನ ಹಾರ ಹಾಕಿದರು. ಹಾಲು ಕತ್ತಲಾಗಿದೆಯೆಂದು ಎದುರಿಗೊಂದು ದೀಪ ಹಚ್ಚಿಟ್ಟು, ಊದುಬತ್ತಿ ಸಿಗಿಸಿ, ಅಡುಗೆಮನೆಗೆ ಹೋಳಿಗೆಯ ಹದ ನೋಡಲು ಹೋದರು.

ದುಬಲಗುಂಡಿಯವರು ಬಂದದ್ದು ಆಗ.

ಅವರು ಕಂಡದ್ದೇನು? ಕತ್ತಲ ಹಾಲು. ಕಿಟಕಿಗೆ ಕರಿ ಬಟ್ಟೆ. ನಡುವೆ ಗುರುಪಾದಪ್ಪನವರ ಬಿಳಿ ಮೂರ್ತಿ, ಕೊರಳಿಗೆ ಹಾರ, ಮುಂದೆ ದೀಪ. ಸ್ವಾಗತಕ್ಕೆ ಯಾರೂ ಇಲ್ಲ. ಆ ಗುಂಪಿನ ಹಿರಿಯ ಶರಣಪ್ಪ ಕಾಕಾ, ಮಾವನವರ ಬಾಲ್ಯದ ಜೊತೆಗಾರ, ಕೈಚೀಲ ಕೆಳಗಿಟ್ಟು ನೆಲದ ಮೇಲೆ ಕೂತುಬಿಟ್ಟರು. "ಹಬ್ಬ ಅಂತ ಕರದಾರ, ಹಾದ್ಯಾಗ ಗಾಬರಿ ಆಗಬಾರದಂತ," ಎಂದರಂತೆ. ಹೆಂಗಸರು ಅಳಲು ಶುರುಮಾಡಿದರು. ಆಮೇಲಿನ ಬಸ್ಸಿಗೆ ಬಂದವರು ಅಳುವವರನ್ನು ನೋಡಿ ಅತ್ತರು.

ನಾನು ತಲೆ ಒರೆಸಿಕೊಳ್ಳುತ್ತ ಮಹಾನಂದಾಳ ಜೊತೆ ಬಾಗಿಲಿಗೆ ಬಂದಾಗ ಹಾಲು ಅರ್ಧ ತುಂಬಿತ್ತು. ಎಲ್ಲರೂ ಸಾಲಾಗಿ, ಸದ್ದಿಲ್ಲದೆ ಗೊಂಬೆಯ ಕಡೆ ಮುಖ ಮಾಡಿ ಕೂತಿದ್ದರು. ಕಾರ್ಯಕ್ರಮ ನೋಡಲು ಜನ ಇಷ್ಟು ಬೇಗ ಬಂದು ಇಷ್ಟು ಶಿಸ್ತಿನಿಂದ ಕೂತದ್ದು ನೋಡಿ ನನಗೆ ಹೆಮ್ಮೆಯಾಯಿತು. ಶರಣಪ್ಪ ಕಾಕಾ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಧೈರ್ಯ ತಗೋರಿ ಅಳಿಯರ."

"ಧೈರ್ಯದ ಮ್ಯಾಲೇ ನಡದದರಿ ಕಾಕಾ," ಎಂದೆ. "ಒಂದ್ ಬೆರಳು ಆಚೀಚಿ ಆದ್ರ ಮುಗೀತು."

"ಹೌದು. ಏನದ ನಮ್ಮ ಕೈಯಾಗ? ಎಲ್ಲಾ ಮ್ಯಾಲಿನವನ ಕೈಯಾಗ ಅದ."

"ಮ್ಯಾಲೇನಿಲ್ರಿ. ಎಲ್ಲಾ ಈ ಸ್ಟೂಲಿನ ಮ್ಯಾಲ ಅದ."

ಶರಣಪ್ಪ ಕಾಕಾ ನನ್ನ ಮುಖವನ್ನೇ ನೋಡಿದರು. ದುಃಖದಲ್ಲಿ ಅಳಿಯನ ತಲೆ ಕೆಟ್ಟಿದೆ ಎಂದು ಪಕ್ಕದವರಿಗೆ ಸನ್ನೆ ಮಾಡಿದರು. ಅದೇ ಹೊತ್ತಿಗೆ ಒಳಗಿನಿಂದ ಅತ್ತೆ ಬಂದರು. ಕೈಯಲ್ಲಿ ಎಲೆಅಡಿಕೆಯ ತಟ್ಟೆ ಇತ್ತು. ಅವರು ಅಳುವವರನ್ನು ನೋಡಿದರು, ಹಾರ ನೋಡಿದರು, ದೀಪ ನೋಡಿದರು. ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು, ಗೋಡೆಗೆ ಬೆನ್ನು ಹಚ್ಚಿ ಕುಸಿದು ಕೂತರು.

ಮಹಾನಂದಾ ಓಡಿಹೋಗಿ ಅವರನ್ನು ಹಿಡಿದುಕೊಂಡಳು. "ಅವ್ವಾ, ಏನೂ ಆಗಿಲ್ಲವ್ವಾ. ಅಪ್ಪ ಮನ್ಯಾಗ ದಾಡಿ ಮಾಡ್ಕೊಳಾಕತ್ತಾನ. ನಾ ಈಗ ನೋಡಿ ಬಂದೇನಿ."

"ನನ್ನ ಮುಂದ ಸುಳ್ಳ ಹೇಳಬ್ಯಾಡ," ಎಂದರು ಅತ್ತೆ. "ಹೈದರಾಬಾದಿನ್ಯಾಗೂ ಹಿಂಗೇ ಹೇಳಿದ್ರಿ."

ಆಗಲೇ ನನಗೆ ಪೂರ್ತಿ ಅರ್ಥವಾದದ್ದು. ಕೈಯಲ್ಲಿ ಗಂಟಿನ ದಾರ ಹಿಡಿದು ನಿಂತಿದ್ದೆ. ಬೆಳಕು, ಅಳತೆ, ಮೂಗು, ಕಿವಿ ಎಲ್ಲ ಹೋಗಿ, ಗೋಡೆಗೆ ಒರಗಿ ಕೂತ ಅತ್ತೆ ಮಾತ್ರ ಕಾಣುತ್ತಿದ್ದರು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. "ಅದು ಬರೀ ಗೊಂಬಿರಿ" ಎಂದೆ. ಅಳು ಜೋರಾಯಿತು.

ರೇವಣಸಿದ್ಧ ಮಾವನವರನ್ನು ಕರೆತರಲು ಗಾಡಿ ಹತ್ತಿ ಹೋದ. ಆದರೆ ಮಾವ ಆಗಲೇ ಹೊರಟು, ನಡೆದುಕೊಂಡು, ಹಾಲಿನ ಇನ್ನೊಂದು ಬಾಗಿಲಿನಿಂದ ಒಳಗೆ ಬಂದಿದ್ದರು. ಹೊಸ ಬಿಳಿ ನೆಹರೂ ಶರ್ಟು, ಧೋತರ, ತಲೆಗೆ ಟೊಪ್ಪಿಗೆ. ಬಿಸಿಲಿನಿಂದ ಕತ್ತಲೆಗೆ ಬಂದ ಅವರ ಕಣ್ಣಿಗೆ ಗೊಂಬೆ ಸರಿಯಾಗಿ ಕಾಣಲಿಲ್ಲ. ಜನ ಅಳುವುದು ಮಾತ್ರ ಕೇಳಿಸಿತು. ತಿಳಿದ ಹಿರಿಯರು ಮಾಡುವುದನ್ನೇ ಅವರು ಮಾಡಿದರು. ಟೊಪ್ಪಿಗೆ ತೆಗೆದು, ಸಾಲಿನ ಕೊನೆಯಲ್ಲಿ, ಶರಣಪ್ಪ ಕಾಕಾನ ಹಿಂದೆ ಮೆಲ್ಲಗೆ ಕೂತರು.

"ಯಾರು ಹೋದ್ರೋ ಶರಣ್ಯಾ?" ಎಂದು ಸಣ್ಣಗೆ ಕೇಳಿದರು.

"ಗುರುಪಾದ," ಎಂದರು ಶರಣಪ್ಪ ಕಾಕಾ, ತಿರುಗಿ ನೋಡದೆ, ಮೂಗು ಒರೆಸುತ್ತ.

ಮಾವ ಸ್ವಲ್ಪ ಯೋಚಿಸಿದರು. "ಯಾವ ಗುರುಪಾದ?"

"ಎಷ್ಟು ಮಂದಿ ಗುರುಪಾದ ಅದಾರ? ನಮ್ಮ ಗುರುಪಾದ. ಅಡತಿ ಅಂಗಡಿಯವ."

"ಹೂಂ," ಎಂದರು ಮಾವ. ಆಮೇಲೆ, "ಛಲೋ ಮನಶ್ಯಾ ಇದ್ದನೇನು?" ಎಂದರು.

"ಜರಾ ಜಿಗುಟ ಇದ್ದ. ಆದ್ರ ಛಲೋ ಇದ್ದ," ಎಂದು ಹೇಳಿ ಶರಣಪ್ಪ ಕಾಕಾ ತಿರುಗಿದರು.

ಅವರನ್ನು ಎಬ್ಬಿಸಿ ನೀರು ಕುಡಿಸಲು ಇಬ್ಬರು ಬೇಕಾದರು. ಹಾಲಿನಲ್ಲಿ ಮೊದಲು ಗಾಬರಿ, ಆಮೇಲೆ ಗದ್ದಲ, ಆಮೇಲೆ ನಗು ಎದ್ದಿತು. ಅತ್ತೆ ಮಾತ್ರ ನಗಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಬಂದು, ಎಲ್ಲರೆದುರು, ಮಾವನವರ ಮೂಗಿನ ಕೆಳಗೆ ಕೈ ಹಿಡಿದರು. ಮಾವ ಹಿಡಿಯಗೊಟ್ಟರು. ಅಷ್ಟೇ ಅಲ್ಲ, ಒಂದೆರಡು ಸಲ ಜೋರಾಗಿ ಉಸಿರು ಬಿಟ್ಟು ತೋರಿಸಿದರು.

ವಿವೇಕವಿದ್ದ ಯಾರೇ ಆದರೂ ಇಲ್ಲಿಗೆ ಪ್ರೊಜೆಕ್ಟರನ್ನು ಡಬ್ಬಿಗೆ ಹಾಕುತ್ತಿದ್ದರು. ನಾನೂ ಹಾಕಲು ಹೊರಟಿದ್ದೆ. ಮಾವನವರೇ, "ಅಷ್ಟು ದೂರದಿಂದ ಹೊತ್ಕೊಂಡು ಬಂದಾರ. ತೋರಸ್ಲಿ ಬಿಡ್ರಿ," ಎಂದರು. ಅದು ಕರುಣೆಯೋ ಕುತೂಹಲವೋ ಮೀಸೆಯ ತುದಿಯಿಂದ ತಿಳಿಯಲಿಲ್ಲ.

ಗೊಂಬೆಯನ್ನು ಮೊದಲಿನ ಜಾಗಕ್ಕೆ ತಿರುಗಿಸಲು ಹೋದೆ. ಸುಣ್ಣದ ಗೆರೆ ಇರಲಿಲ್ಲ. ಗಂಗಾಯಿ ಗೊಂಬೆ ಸರಿಸಿದ ಮೇಲೆ ನೆಲ ಹೊಲಸು ಕಾಣುತ್ತದೆಂದು ಒರೆಸಿಸಿದ್ದರು. ಹಾರ ತೆಗೆಯಲು ಕೈ ಹಾಕಿದೆ.

"ಹಾಕಿದ ಹಾರ ತೆಗಿಬ್ಯಾಡ," ಎಂದರು ಗಂಗಾಯಿ.

"ರುಮಾಲರೆ ತೆಗಿತೀನ್ರಿ ಆಯಿ. ಹಣಿ ಕಾಣಸಲಂಗ ಆಗ್ಯದ."

"ತಮ್ಮನ ತಲಿ ಬರಿದು ಮಾಡಸಾಕ ಬಂದೀಯೇನು?"

ಹೀಗಾಗಿ ಹಾರ, ರುಮಾಲು, ವಿಭೂತಿ ಸಹಿತವಾದ ಗೊಂಬೆಯ ಮೇಲೆ, ದಾರವನ್ನು ಅಂದಾಜಿನಿಂದ ಹಿಡಿದು, ಪ್ರೊಜೆಕ್ಟರ್ ಹಚ್ಚಿದೆ. ಮದುವೆಯ ಕಾಲದ ಮಾವ ಕಾಣಿಸಿಕೊಂಡರು. ಒಂದು ಕಣ್ಣು ರುಮಾಲಿನ ಮೇಲೆ ತೆರೆದುಕೊಂಡಿತು. ಇನ್ನೊಂದು ಕಿವಿಯೊಳಗಿನಿಂದ ಇಣುಕಿತು. ಮೀಸೆ ಚೆಂಡುಹೂವುಗಳ ನಡುವೆ ಎಲ್ಲೋ ಕಳೆದುಹೋಗಿತ್ತು. ಯಾರೋ ಒಬ್ಬರು ಮರ್ಯಾದೆಗಾಗಿ "ಛಲೋ ಬಂದದ" ಎಂದರು. ಸರಿಪಡಿಸಲು ಹೋಗಿ ಯಾವುದೋ ಗುಂಡಿ ಒತ್ತಿದೆ. ಮಾವ ತಲೆಕೆಳಗಾದರು. ಈಗ ಮೀಸೆ ರುಮಾಲಿಗೆ ಕುಚ್ಚಿನ ಹಾಗೆ ಒಪ್ಪಿತು. ಅಲ್ಲಿಯವರೆಗಿನ ಹೊಂದಾಣಿಕೆಯಲ್ಲಿ ಅದೇ ಉತ್ತಮವಾದದ್ದು. ಆದರೂ ಮತ್ತೆ ಗುಂಡಿ ಒತ್ತಿ ಅವರನ್ನು ನೆಟ್ಟಗೆ ಮಾಡಿದೆ.

ಕಡೆಗೆ ಮಾವನವರೇ ಎದ್ದರು. "ಅಕ್ಕಾ, ತಲಿ ನಂದು. ರುಮಾಲ ನಾನೇ ತೆಗಿತೀನಿ," ಎಂದು ಗೊಂಬೆಯ ಹತ್ತಿರ ಹೋದರು. ರುಮಾಲಿನ ಗಂಟು ಹಿಂದಿತ್ತು. ಅದನ್ನು ಬಿಚ್ಚಲು ಗೊಂಬೆಯ ಮುಂದೆ ನಿಂತು, ಅದರ ಭುಜದ ಮೇಲಿಂದ ಕೈ ಚಾಚಿ, ಬೆಳಕು ಯಾಕೆ ಇಷ್ಟು ಚುಚ್ಚುತ್ತಿದೆ ಎಂದು ಒಮ್ಮೆ ನನ್ನ ಕಡೆ ತಿರುಗಿದರು.

ಕಣ್ಣಿನ ಮೇಲೆ ಕಣ್ಣು ಬಂತು. ಮೂಗಿನ ಮೇಲೆ ಮೂಗು. ಬಿಳಿ ಮೀಸೆಯ ಮೇಲೆ ಕರಿ ಮೀಸೆ ಕೂತಿತು. ಎಪ್ಪತ್ತೈದರ ಮಾವ ಹೋಗಿ, ಮದುವೆಗೆ ನಿಂತ ಹುಡುಗನೊಬ್ಬ ಹಾಲಿನ ನಡುವೆ ನಿಂತು, ಬೆಳಕಿಗೆ ಕಣ್ಣು ಕಿರಿದು ಮಾಡಿ ನಮ್ಮನ್ನೆಲ್ಲ ನೋಡಿದ. ನಾನು ಎಷ್ಟೋ ದಿನ ಒದ್ದಾಡಿದ್ದು ಅವರು ಕುತ್ತಿಗೆ ತಿರುಗಿಸಿದ್ದರಲ್ಲಿ ಮುಗಿದಿತ್ತು.

"ಹಿಂಗೇ ಇದ್ರು," ಎಂದರು ಅತ್ತೆ, ಯಾರಿಗೂ ಹೇಳದೆ. "ನೋಡಾಕ ಬಂದಾಗ ಹಿಂಗೇ ಕಣ್ಣು ಸಣ್ಣ ಮಾಡಿದ್ರು. ಸಿಟ್ಟಿನವರು ಅಂತ ನಾ ಅಂಜಿದ್ದೆ."

ಮಾವ ಸೀನಿದರು. ಮುಖ ಎದೆಗೆ ಜಾರಿತು.

ಜನ ಚಪ್ಪಾಳೆ ತಟ್ಟಿದರು. ಇದೆಲ್ಲ ನನ್ನದೇ ಯೋಜನೆಯೆಂದು ಅವರು ತಿಳಿದಿದ್ದರು. ಅವರ ತಿಳಿವಳಿಕೆಯನ್ನು ಕೆಡಿಸುವುದು ನನ್ನ ಸ್ವಭಾವವಲ್ಲ. "ಇನ್ನೊಮ್ಮೆ ತೋರಸ್ರಿ," ಎಂದು ಹಿಂದಿನವರು ಕೂಗಿದರು. ಅತ್ತೆಯೂ ನನ್ನ ಕಡೆ ನೋಡಿದರು. ಆಸೆಯಿಂದ ನೋಡಿದರು ಎಂಬುದು ನನ್ನ ತಿಳಿವಳಿಕೆ. ಅಲ್ಲಿಗೆ ನನ್ನ ಉಳಿದ ಬುದ್ಧಿಯೂ ಹೋಯಿತು.

ಗೊಂಬೆಯನ್ನು ಎತ್ತಿ ಬದಿಗಿಟ್ಟು, ಅಲ್ಲೊಂದು ಕುರ್ಚಿ ಹಾಕಿ, ಮಾವನವರನ್ನು ಕೂರಿಸಿದೆ. ದಾರವನ್ನು ಅವರ ಮೂಗಿಗೆ ಹಿಡಿದೆ. "ಮಾವಾರ, ಜರಾ ಗದ್ದ ಎತ್ರಿ. ಅಷ್ಟಲ್ರಿ. ಬಲಕ್ಕ ತಿರುಗ್ರಿ. ನನ್ನ ಬಲಕ್ಕಲ್ಲ, ನಿಮ್ಮ ಬಲಕ್ಕ. ಉಸಿರು ಸಣ್ಣಗೆ ತಗೋರಿ." ಮೀಸೆ ಹಣೆಗೇರಿತು. ಅವರ ಕಾಲಡಿ ಒಂದು ಇಟ್ಟಿಗೆ ಇಟ್ಟೆ. ಮೀಸೆ ಕಿವಿಗೆ ಹೋಯಿತು. ಬೆನ್ನ ಹಿಂದೆ ದಿಂಬು ತುರುಕಿದೆ. ಎದ್ದು ನಿಲ್ಲಿಸಿದೆ, ಅರ್ಧ ಕೂರಿಸಿದೆ, ಭುಜ ಹಿಡಿದು ಒಂದೊಂದೇ ಬೆರಳಿನಷ್ಟು ಹೇಗೆ ಬೇಕೋ ಹಾಗೆ ಸರಿಸಿದೆ. ಊರಿನ ಗಂಜಿನಲ್ಲಿ ಯಾರ ಮಾತಿಗೂ ಕುರ್ಚಿ ಬಿಟ್ಟು ಎದ್ದವರಲ್ಲ ಅವರು. ನನಗಾಗಿ ಹತ್ತಾರು ಸಲ ಎದ್ದು ಕೂತರು.

"ಅಳಿಯರ," ಎಂದರು ಕಡೆಗೆ. "ಗೊಂಬಿಗಾದ್ರ ಕುತ್ತಿಗಿ ನೋಯಂಗಿಲ್ಲ. ನನಗ ನೋಯಾಕತ್ತದ."

"ಒಂದೇ ಮಿನಿಟ್ರಿ ಮಾವಾರ. ಕಿವಿ ಒಂದು ಉಳದದ."

ಊಟಕ್ಕೆ ಎಲೆ ಹಾಕಿದ್ದಾರೆ ಎಂದು ಆಗ ಯಾರೋ ಒಳಗಿನಿಂದ ಕೂಗಿದರು. ಬಸವಕಲ್ಯಾಣದ ಹೋಳಿಗೆಯ ಎದುರು ಯಾವ ತಂತ್ರಜ್ಞಾನವೂ ನಿಲ್ಲುವುದಿಲ್ಲ. ಹಾಲು ಖಾಲಿಯಾಯಿತು. ಮಾವ ಎಲ್ಲರಿಗಿಂತ ಮೊದಲು ಎದ್ದರು. ದವಾಖಾನೆಯಿಂದ ಬಂದ ಮೇಲೆ ಅವರು ಅಷ್ಟು ಚುರುಕಾಗಿ ನಡೆದದ್ದನ್ನು ನೋಡಿರಲಿಲ್ಲ ಎಂದು ಮನೆಯವರೆಲ್ಲ ಆಮೇಲೆ ಹೇಳಿದರು. ಅವರು ಎದ್ದು ಹೋದ ಕುರ್ಚಿಯ ಬೆನ್ನಿನ ಮೇಲೆ ಅವರ ಮುಖ ಉಳಿದಿತ್ತು. ಎರಡು ಕಣ್ಣು, ಮೂಗು, ಬಾಯಿ, ಕಿವಿ, ಎಲ್ಲ ಕುರ್ಚಿಯ ಅಗಲಕ್ಕೆ ಸರಿಯಾಗಿ ಕೂತಿದ್ದವು. ಕರೆದು ತೋರಿಸಲು ಯಾರೂ ಇರಲಿಲ್ಲ.

ಊಟದ ನಂತರ ಗೊಂಬೆಯ ಪ್ರಶ್ನೆ ಬಂತು. ಮನೆಯಲ್ಲಿ ಇಡುವುದಕ್ಕೆ ಅತ್ತೆ ಬಿಲ್‌ಕುಲ್ ಒಪ್ಪಲಿಲ್ಲ. ಒಡೆಯುವುದಕ್ಕೆ ಗಂಗಾಯಿ ಬಿಡಲಿಲ್ಲ. ಕೆರೆಗೆ ಬಿಡೋಣವೆಂದು ನಾನು ಸೂಚಿಸಿದಾಗ ಇಡೀ ಮನೆ ನನ್ನನ್ನು ನೋಡಿದ ರೀತಿಯನ್ನು ಬರೆಯಲಾರೆ. ಅದು ನಮ್ಮೊಂದಿಗೇ ಹುಮನಾಬಾದಿಗೆ ಮರಳಿತು. ಸ್ಟುಡಿಯೋದಲ್ಲಿ ಮದುಮಕ್ಕಳಿಗೆ ತೊಡಿಸುವ ಪೇಟ ಒಣಗಿಸಲು ಈಗ ಉಪಯೋಗಕ್ಕೆ ಬರುತ್ತದೆ.

ಕೆಲವು ತಿಂಗಳ ಮೇಲೆ ಕಲ್ಯಾಣದ ಮನೆಯಲ್ಲಿ ರೇವಣಸಿದ್ಧನ ಮಗಳ ಹೆಸರಿಡುವ ಕಾರ್ಯ ಬಂತು. ಕರೆಯಲು ಅವನೇ ಬಂದ. ಮಹಾನಂದಾಳಿಗೆ ಕುಂಕುಮ ಕೊಟ್ಟು, ಚಹಾ ಕುಡಿದು, ಹೊರಡುವಾಗ ಬೀಗರು ಬೀಗರಿಗೆ ಹೇಳುವ ಮಾಮೂಲು ಮಾತನ್ನೇ ಹೇಳಿದ. "ಭಾವಾರ, ಏನೂ ತರಬ್ಯಾಡ್ರಿ. ಬರೀ ಕೈಲೇ ಬರ್ರಿ."

"ಹಂಗ ಹ್ಯಾಂಗ ಆಗತದ," ಎಂದೆ ನಾನೂ ಪದ್ಧತಿಯಂತೆ.

ರೇವಣಸಿದ್ಧ ಮೆಟ್ಟಿದ ಚಪ್ಪಲಿ ಬಿಟ್ಟು ಒಳಗೆ ಬಂದು ಮತ್ತೆ ಕುರ್ಚಿಯ ಮೇಲೆ ಕೂತ.

"ಇಲ್ರಿ," ಎಂದ. "ನೀವು ಹೂಂ ಅನ್ನೋ ತನಕ ಏಳಬ್ಯಾಡ ಅಂತ ಅಪ್ಪ ಹೇಳಿ ಕಳಿಸ್ಯಾನ."

ನಾನು ಹೂಂ ಅಂದೆ.